ಐದು ವಾರವೋ, ಮೂರು ವಾರವೋ, ಐದೇ ದಿನವೋ? ಸ್ತನ ಕ್ಯಾನ್ಸರ್ ಆಪರೇಷನ್ ನಂತರದ ರೇಡಿಯೇಷನ್ ಆರಿಸಿಕೊಳ್ಳುವುದು ಹೇಗೆ

"ಗಡ್ಡೆ ತೆಗೆದಾಯ್ತು. ಈಗ ಒಬ್ಬ ಡಾಕ್ಟರು ಮೂರು ವಾರ ಕರೆಂಟ್ (ರೇಡಿಯೇಷನ್) ಕೊಡಿಸಿ ಅಂತಾರೆ. ಇನ್ನೊಬ್ಬರು ಐದೇ ಸಿಟ್ಟಿಂಗ್ ಸಾಕು ಅಂತಾರೆ. ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಐದು ವಾರ ಕೊಟ್ಟಿದ್ದರು. ಯಾರ ಮಾತು ನಂಬೋದು?"

ಸ್ತನ ಕ್ಯಾನ್ಸರ್ ಆದ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮೂವರೂ ಸರಿಯಾಗಿಯೇ ಹೇಳಿರಬಹುದು. ಈ ಒಂದೊಂದು ಲೆಕ್ಕದ ಹಿಂದೆಯೂ ನೂರಾರು, ಸಾವಿರಾರು ಹೆಂಗಸರು ಸೇರಿದ ದೊಡ್ಡ ಟ್ರಯಲ್ ಇದೆ. ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದಂತೆ ಗುಂಪು ಹಂಚಿ, ವರ್ಷಗಟ್ಟಲೆ ಅವರನ್ನು ಗಮನಿಸಿ ಬರೆದಿಟ್ಟ ಫಲಿತಾಂಶ ಅದು. ಹಾಗಾಗಿ "ಯಾವುದು ಎಲ್ಲಕ್ಕಿಂತ ಒಳ್ಳೇದು" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಆ ಟ್ರಯಲ್‌ನಲ್ಲಿ ನನ್ನಂಥವರು ಇದ್ದರಾ?" ಅಂತ ಕೇಳಬೇಕು. ಇದೊಂದು ಪ್ರಶ್ನೆ ಕೈಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಕೊನೆಯ ತೀರ್ಮಾನ ನಿಮ್ಮ ರಿಪೋರ್ಟ್ ನೋಡಿದ ರೇಡಿಯೇಷನ್ ಡಾಕ್ಟರ ಜೊತೆಗೇ ಆಗಬೇಕು. ಅವರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅನ್ನುವುದಕ್ಕೆ ಇದನ್ನು ಬರೆದಿದ್ದೇನೆ.

ಮೊದಲು ಅಳತೆಗೋಲು

ಮೊದಲು ನಿಮ್ಮ ಬಯಾಪ್ಸಿ ಮತ್ತು ಆಪರೇಷನ್ ರಿಪೋರ್ಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಕಂಕುಳಿನ ಗಂಟುಗಳಿಗೆ ಕ್ಯಾನ್ಸರ್ ಹರಡಿದೆಯೋ ಇಲ್ಲವೋ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ರಿಪೋರ್ಟ್‌ನಲ್ಲಿ ಇದನ್ನು ನೋಡ್ ಅಂತ ಬರೆದಿರುತ್ತಾರೆ. ಆಮೇಲೆ ಇಡೀ ಸ್ತನ ತೆಗೆದರೋ, ಗಡ್ಡೆ ಮಾತ್ರವೋ, ಗಡ್ಡೆ ಎಷ್ಟು ಸೆಂಟಿಮೀಟರ್ ಇತ್ತು, ಹಾರ್ಮೋನ್ ರಿಸೆಪ್ಟರ್ (ಕ್ಯಾನ್ಸರ್ ಬೆಳೆಯಲು ಹಾರ್ಮೋನ್ ಕಾರಣವೋ ಅಂತ ತಿಳಿಸುವ ಗುರುತು) ಪಾಸಿಟಿವೋ ನೆಗೆಟಿವೋ ನೋಡಿ. ಇದರ ಜೊತೆಗೆ ನಿಮ್ಮ ವಯಸ್ಸು.

ಎರಡನೆಯದು, ನೀವು ಯಾವ ಅಪಾಯದ ಲೆಕ್ಕ ಹಾಕುತ್ತಿದ್ದೀರಿ ಅನ್ನುವುದು. ಅದೇ ಸ್ತನದಲ್ಲಿ ಕ್ಯಾನ್ಸರ್ ಮತ್ತೆ ಬರುವುದು ಒಂದು. ಕ್ಯಾನ್ಸರ್‌ನಿಂದ ಜೀವಕ್ಕೇ ಅಪಾಯ ಆಗುವುದು ಇನ್ನೊಂದು. ಇವೆರಡೂ ಒಂದೇ ಅಲ್ಲ. ಮತ್ತೆ ಅಲ್ಲೇ ಬಂದರೆ ಇನ್ನೊಂದು ಆಪರೇಷನ್ ಮಾಡಿ ತೆಗೆಯಲು ಎಷ್ಟೋ ಸಲ ಆಗುತ್ತದೆ. ಹಾಗಂತ ರೇಡಿಯೇಷನ್ ಸುಮ್ನೆ ಬಿಡುವಂಥದ್ದೂ ಅಲ್ಲ. ಗಡ್ಡೆ ಮಾತ್ರ ತೆಗೆಸಿಕೊಂಡ 10,801 ಹೆಂಗಸರ 17 ಟ್ರಯಲ್‌ಗಳನ್ನು ಒಟ್ಟುಗೂಡಿಸಿ 2011ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ರೇಡಿಯೇಷನ್ ಇಲ್ಲದವರಲ್ಲಿ ಹತ್ತು ವರ್ಷದೊಳಗೆ ಶೇ. 35 ಮಂದಿಗೆ ಕ್ಯಾನ್ಸರ್ ಮರಳಿತ್ತು. ರೇಡಿಯೇಷನ್ ತೆಗೆದುಕೊಂಡವರಲ್ಲಿ ಅದು ಶೇ. 19.3. ಹದಿನೈದು ವರ್ಷಕ್ಕೆ ಸ್ತನ ಕ್ಯಾನ್ಸರ್‌ನಿಂದ ಆಗುವ ಸಾವು ಶೇ. 25.2ರಿಂದ 21.4ಕ್ಕೆ ಇಳಿದಿತ್ತು. ಹಾಗಾಗಿ "ಆಪರೇಷನ್ ಆಯ್ತಲ್ಲ, ಕರೆಂಟ್ ಯಾಕೆ" ಅನ್ನುವವರ ಮಾತು ಕೇಳಬೇಡಿ.

ಮೂರನೆಯದು, ವರ್ಷಗಳ ನಂತರ ಕಾಣಿಸುವ ತೊಂದರೆ: ಸ್ತನ ಗಟ್ಟಿಯಾಗುವುದು, ಕುಗ್ಗುವುದು, ಕೈ ಊತ. ಎಡಗಡೆ ಸ್ತನವಾದರೆ ಹೃದಯದ ಪ್ರಶ್ನೆಯೂ ಸೇರುತ್ತದೆ. ಇಷ್ಟೆಲ್ಲ ಆದಮೇಲೆ ದಿನ, ದೂರ, ದುಡ್ಡು.

ಐದು ವಾರ: ಹಳೆಯ ಪದ್ಧತಿ

25 ಸಿಟ್ಟಿಂಗ್, ಒಟ್ಟು 50 ಗ್ರೇ. ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ. ವಾರಕ್ಕೆ ಐದು ದಿನದಂತೆ ದಿನಕ್ಕೆ 2 ಗ್ರೇ. ದಶಕಗಳ ಕಾಲ ಎಲ್ಲರಿಗೂ ಇದನ್ನೇ ಕೊಟ್ಟಿದ್ದಾರೆ. ಮುಂದಿನ ಎಲ್ಲ ಪದ್ಧತಿಗಳನ್ನೂ ಇದರ ಎದುರಿಗೆ ಇಟ್ಟೇ ತೂಗಿದ್ದು.

ಇವತ್ತು ಇದನ್ನೇ ಹೇಳಿದರೆ "ನನ್ನ ವಿಷಯದಲ್ಲಿ ಮೂರು ವಾರ ಯಾಕೆ ಆಗಲ್ಲ?" ಅಂತ ವಿನಯವಾಗಿ ಕೇಳಿ. ಸ್ತನ ತೆಗೆದು ಹೊಸದಾಗಿ ಕಟ್ಟಿಸಿಕೊಂಡಿದ್ದರೆ, ಅಥವಾ ಬೇರೆ ಏನಾದರೂ ತೊಡಕಿದ್ದರೆ ಡಾಕ್ಟರ ಹತ್ತಿರ ಕಾರಣ ಇರುತ್ತದೆ. ಕಾರಣ ಹೇಳಿದರೆ ಒಪ್ಪಿಕೊಳ್ಳಿ. "ನಾವು ಮೊದಲಿಂದ ಹೀಗೇ ಕೊಡೋದು" ಅನ್ನುವುದು ಮಾತ್ರ ಕಾರಣವಲ್ಲ. ಅಂಥ ಉತ್ತರ ಬಂದರೆ ಇನ್ನೊಬ್ಬ ರೇಡಿಯೇಷನ್ ಡಾಕ್ಟರಿಗೆ ರಿಪೋರ್ಟ್ ತೋರಿಸಿ.

ಮೂರು ವಾರ: ಗಟ್ಟಿ ಸಾಕ್ಷ್ಯ ಇರುವುದು ಇಲ್ಲಿ

15 ಸಿಟ್ಟಿಂಗ್, 40 ಗ್ರೇ. ಬ್ರಿಟನ್ನಿನ ಸ್ಟಾರ್ಟ್-ಬಿ ಟ್ರಯಲ್‌ನಲ್ಲಿ 1999ರಿಂದ 2001ರ ನಡುವೆ 2,215 ಹೆಂಗಸರು ಸೇರಿದ್ದರು. ಹತ್ತು ವರ್ಷದ ಫಲಿತಾಂಶ 2013ರಲ್ಲಿ ಬಂತು. ಸ್ತನದಲ್ಲಿ ಅಥವಾ ಸುತ್ತಮುತ್ತ ಮರಳಿದ್ದು ಐದು ವಾರದ ಗುಂಪಿನಲ್ಲಿ ಶೇ. 5.5, ಮೂರು ವಾರದ ಗುಂಪಿನಲ್ಲಿ ಶೇ. 4.3. ಅಂದರೆ ಚಿಕ್ಕದು ಯಾವ ರೀತಿಯಲ್ಲೂ ಹಿಂದೆ ಬೀಳಲಿಲ್ಲ. ಸ್ತನ ಕುಗ್ಗುವುದು, ಊದುವುದು ಕೂಡ ಮೂರು ವಾರದವರಲ್ಲೇ ಕಡಿಮೆ ಇತ್ತು. ಕೆನಡಾದಲ್ಲಿ 1,234 ಹೆಂಗಸರಿಗೆ 16 ಸಿಟ್ಟಿಂಗ್ ಲೆಕ್ಕದಲ್ಲಿ ನಡೆದ ಟ್ರಯಲ್‌ನಲ್ಲೂ ಹತ್ತು ವರ್ಷಕ್ಕೆ ಶೇ. 6.2 ಮತ್ತು 6.7, ಹೆಚ್ಚುಕಡಿಮೆ ಸಮ.

ನಮ್ಮಲ್ಲಿ ಗಡ್ಡೆ ದೊಡ್ಡದಾದ ಮೇಲೆ ಆಸ್ಪತ್ರೆಗೆ ಬರುವವರು ಜಾಸ್ತಿ. ಇಡೀ ಸ್ತನ ತೆಗೆಸಿಕೊಂಡವರು, ಕಂಕುಳಿಗೂ ರೇಡಿಯೇಷನ್ ಬೇಕಾದವರು ಬಹಳ. ಸ್ಟಾರ್ಟ್-ಬಿಯಲ್ಲಿ ಅಂಥವರು ಕಡಿಮೆ ಇದ್ದರು. ಹಾಗಾದರೆ ಅವರು ಏನು ಮಾಡಬೇಕು? ಅವರಿಗೆ ಉತ್ತರ ಕೊಟ್ಟಿದ್ದು ಚೀನಾದ ಟ್ರಯಲ್. 820 ಹೆಂಗಸರು, ಎಲ್ಲರಿಗೂ ಸ್ತನ ತೆಗೆದಿತ್ತು, ಕ್ಯಾನ್ಸರ್ ಮುಂದುವರಿದಿತ್ತು. 43.5 ಗ್ರೇಯನ್ನು 15 ಸಿಟ್ಟಿಂಗ್‌ನಲ್ಲಿ ಕೊಟ್ಟರು. ಐದು ವರ್ಷಕ್ಕೆ ಮರಳಿದ್ದು ಶೇ. 8.3. ಐದು ವಾರ ತೆಗೆದುಕೊಂಡವರಲ್ಲಿ ಶೇ. 8.1. ಕಂಕುಳು ಭಾಗಕ್ಕೂ ಕೊಟ್ಟರೆ ಕೈ ಊತ ಜಾಸ್ತಿಯಾಗುತ್ತದಾ ಅನ್ನುವ ಭಯ ಹಳೆಯದು. ಫ್ರಾನ್ಸ್‌ನಲ್ಲಿ 1,265 ಮಂದಿ ಸೇರಿದ್ದ ಹೈಪೋಜಿ-01 ಟ್ರಯಲ್ ಇದನ್ನೇ ಪರೀಕ್ಷಿಸಿತು. ಮೂರು ವಾರದ್ದು ಐದು ವಾರದ್ದಕ್ಕಿಂತ ಕೆಟ್ಟದಾಗಲಿಲ್ಲ.

ಕಂಕುಳಿನ ಗಂಟು ಪಾಸಿಟಿವ್ ಇದ್ದು, ಅಲ್ಲಿಗೂ ಕರೆಂಟ್ ಬೇಕು ಅಂತ ಡಾಕ್ಟರು ಹೇಳಿದ್ದರೆ, ನನ್ನ ಮಟ್ಟಿಗೆ ಮೂರು ವಾರವೇ ಸರಿಯಾದ ಆಯ್ಕೆ.

ಒಂದು ವಾರ: ಐದೇ ಸಿಟ್ಟಿಂಗ್

ಜನ ಅತಿ ಹೆಚ್ಚು ಅನುಮಾನ ಪಡುವುದು ಇದರ ಬಗ್ಗೆ. "ಐದೇ ದಿನ ಅಂದರೆ ಅರ್ಧಂಬರ್ಧ ಟ್ರೀಟ್‌ಮೆಂಟ್ ಅಲ್ವಾ? ಐದು ವಾರದ 50 ಗ್ರೇ ಎಲ್ಲಿ, ಐದು ದಿನದ 26 ಗ್ರೇ ಎಲ್ಲಿ?"

ಲೆಕ್ಕ ಹಾಗಲ್ಲ. ಒಂದು ಸಿಟ್ಟಿಂಗ್‌ನಲ್ಲಿ ಕೊಡುವ ಪ್ರಮಾಣ ದುಪ್ಪಟ್ಟಾದರೆ ಅದರ ಪೆಟ್ಟು ದುಪ್ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಹಳೆಯ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇ, ಇಲ್ಲಿ 5.2. ಹಾಗಾಗಿ ಒಟ್ಟು ಮೊತ್ತ ಇಳಿಸಲೇಬೇಕು. 26 ಗ್ರೇ ಅನ್ನುವುದು ಪೂರ್ತಿ ಟ್ರೀಟ್‌ಮೆಂಟೇ.

ಎಷ್ಟು ಇಳಿಸಬೇಕು ಅನ್ನುವುದನ್ನು ಫಾಸ್ಟ್-ಫಾರ್ವರ್ಡ್ ಟ್ರಯಲ್ ಬಹಳ ಸೂಕ್ಷ್ಮವಾಗಿ ಹುಡುಕಿತು. ಬ್ರಿಟನ್ನಿನ 97 ಆಸ್ಪತ್ರೆಗಳು, 4,096 ರೋಗಿಗಳು. 2011ರ ನವೆಂಬರ್‌ನಿಂದ 2014ರ ಜೂನ್‌ವರೆಗೆ ಸೇರಿಸಿಕೊಂಡರು. ಒಂದು ಗುಂಪಿಗೆ ಮೂರು ವಾರದ 40 ಗ್ರೇ. ಎರಡನೆಯದಕ್ಕೆ ಐದು ದಿನದಲ್ಲಿ 27. ಮೂರನೆಯದಕ್ಕೆ ಐದು ದಿನದಲ್ಲಿ 26. ಐದು ವರ್ಷಕ್ಕೆ ಅದೇ ಸ್ತನದಲ್ಲಿ ಮರಳಿದ್ದು ಕ್ರಮವಾಗಿ ಶೇ. 2.1, 1.7 ಮತ್ತು 1.4. ಕ್ಯಾನ್ಸರ್ ತಡೆಯುವುದರಲ್ಲಿ ಐದು ದಿನ ಕಡಿಮೆ ಅಲ್ಲ ಅಂತ ಇಲ್ಲಿಗೆ ಗೊತ್ತಾಯಿತು.

ಇನ್ನು ಅಡ್ಡ ಪರಿಣಾಮ ನೋಡಿ. ಐದು ವರ್ಷದ ಹೊತ್ತಿಗೆ ಡಾಕ್ಟರು ಪರೀಕ್ಷಿಸಿದಾಗ ಕಣ್ಣಿಗೆ ಕಾಣುವಷ್ಟು ಬದಲಾವಣೆ 40 ಗ್ರೇಯವರಲ್ಲಿ ಶೇ. 9.9, 26ರವರಲ್ಲಿ ಶೇ. 11.9, 27ರವರಲ್ಲಿ ಶೇ. 15.4. ಒಂದೇ ಒಂದು ಗ್ರೇ ಹೆಚ್ಚಾದದ್ದಕ್ಕೆ ಇಷ್ಟು ವ್ಯತ್ಯಾಸ! ಅದಕ್ಕೇ 26 ಉಳಿಯಿತು, 27 ಹೋಯಿತು. ಐದು ದಿನದ ಪದ್ಧತಿಯಲ್ಲಿ ಅಳತೆ ತಪ್ಪುವುದಕ್ಕೆ ಜಾಗ ಕಡಿಮೆ ಅನ್ನುವುದು ಈ ಅಂಕಿಯಲ್ಲೇ ಇದೆ. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿ ಪ್ಲಾನ್ ಹಾಕುತ್ತಾರಾ, ಟ್ರೀಟ್‌ಮೆಂಟ್‌ಗೆ ಮುಂಚೆ ಮೆಷಿನ್ ಮೇಲೆ ಚಿತ್ರ ತೆಗೆದು ಜಾಗ ಸರಿಯಿದೆಯಾ ನೋಡುತ್ತಾರಾ ಅಂತ ಕೇಳುವುದು ತಪ್ಪಲ್ಲ. ಹೌದು ಅನ್ನುವ ಕಡೆ ಐದು ದಿನಕ್ಕೆ ಧೈರ್ಯವಾಗಿ ಹೋಗಿ.

ಫಾಸ್ಟ್-ಫಾರ್ವರ್ಡ್‌ನ ಮುಖ್ಯ ಟ್ರಯಲ್‌ನಲ್ಲಿ ಕಂಕುಳು ಭಾಗಕ್ಕೆ ರೇಡಿಯೇಷನ್ ಬೇಕಾದವರು ಇರಲಿಲ್ಲ. ನಿಮಗೆ ಅಲ್ಲಿಗೆ ಬೇಕು ಅಂತಿದ್ದರೆ ಈ ಅಂಕಿಗಳು ನಿಮ್ಮವಲ್ಲ. ಬೇಡ ಅಂತಿದ್ದರೆ ನಿಮ್ಮವೇ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2023ರಲ್ಲಿ ಹೆಚ್ಚಿನವರಿಗೆ ಈ ಐದು ದಿನದ್ದನ್ನೇ ಶಿಫಾರಸು ಮಾಡಿತು. ನಮ್ಮ ದೇಶದಲ್ಲೂ ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರ್ ಮುಂದಾಳತ್ವದಲ್ಲಿ ಹೈಪೋರ್ಟ್-ಅಡ್ಜುವಂಟ್ ಅನ್ನುವ ಟ್ರಯಲ್ ಇದೇ 26 ಗ್ರೇಯನ್ನು ಮೂರು ವಾರದ್ದರ ಎದುರು ಇಟ್ಟು ನೋಡುತ್ತಿದೆ. ನಮ್ಮ ಹೆಂಗಸರ ಮೈಕಟ್ಟು, ವಯಸ್ಸು, ಕ್ಯಾನ್ಸರ್‌ನ ಹಂತ ಬ್ರಿಟನ್ನಿನವರ ಹಾಗಿಲ್ಲ. ಇಂಥ ಟ್ರಯಲ್ ಇಲ್ಲೇ ನಡೆಯುವುದು ನನಗೆ ಬಹಳ ಸಮಾಧಾನದ ವಿಷಯ.

ಒಂದು ಎಚ್ಚರಿಕೆ. ಐದು ದಿನದ್ದರಲ್ಲಿ ಚರ್ಮ ಕೆಂಪಾಗುವುದು, ಉರಿಯುವುದು ಸಾಮಾನ್ಯವಾಗಿ ಟ್ರೀಟ್‌ಮೆಂಟ್ ಮುಗಿದು ಮನೆಗೆ ಹೋದ ಮೇಲೆ ಕಾಣಿಸುತ್ತದೆ. ಗಾಬರಿಯಾಗಿ ಅರಿಶಿನ, ಹಸಿ ಔಷಧಿ ಹಚ್ಚಬೇಡಿ. ಹೊರಡುವ ದಿನವೇ ಆಸ್ಪತ್ರೆಯ ನರ್ಸ್ ಫೋನ್ ನಂಬರ್ ಬರೆದುಕೊಳ್ಳಿ.

ಸ್ತನದ ಒಂದು ಭಾಗಕ್ಕೆ ಮಾತ್ರ

ಗಡ್ಡೆ ಚಿಕ್ಕದು, ಕಂಕುಳು ಸ್ವಚ್ಛ, ವಯಸ್ಸು ಐವತ್ತರ ಮೇಲೆ. ಇಂಥವರಿಗೆ ಇಡೀ ಸ್ತನಕ್ಕೆ ಕರೆಂಟ್ ಕೊಡುವುದೇ ಬೇಡ, ಗಡ್ಡೆ ಇದ್ದ ಜಾಗದ ಸುತ್ತ ಸಾಕು ಅನ್ನುವ ಯೋಚನೆ ಇದು. ಬ್ರಿಟನ್ನಿನ ಇಂಪೋರ್ಟ್-ಲೋ ಟ್ರಯಲ್‌ನಲ್ಲಿ 2,018 ಹೆಂಗಸರಿದ್ದರು. ಐದು ವರ್ಷಕ್ಕೆ ಮರಳಿದ್ದು ಇಡೀ ಸ್ತನದವರಲ್ಲಿ ಶೇ. 1.1, ಒಂದು ಭಾಗದವರಲ್ಲಿ ಶೇ. 0.5. ಸ್ತನದ ರೂಪ ಬದಲಾಗುವುದೂ ಕಡಿಮೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ದಿನ ಬಿಟ್ಟು ದಿನ ಐದು ಸಿಟ್ಟಿಂಗ್‌ನಲ್ಲಿ 30 ಗ್ರೇ ಕೊಟ್ಟರು. ಹತ್ತು ವರ್ಷಕ್ಕೆ ಶೇ. 3.7. ಇಡೀ ಸ್ತನದವರಲ್ಲಿ ಶೇ. 2.5. ಅಂಕಿಶಾಸ್ತ್ರದ ಲೆಕ್ಕದಲ್ಲಿ ಇದನ್ನು ವ್ಯತ್ಯಾಸ ಅನ್ನಲಾಗುವುದಿಲ್ಲ.

ಆದರೆ ಹೇಗೆ ಕೊಡುತ್ತಾರೆ ಅನ್ನುವುದು ಮುಖ್ಯ. ರ‍್ಯಾಪಿಡ್ ಅನ್ನುವ ಟ್ರಯಲ್‌ನಲ್ಲಿ ದಿನಕ್ಕೆ ಎರಡು ಸಲ ಕೊಟ್ಟರು. ಕ್ಯಾನ್ಸರ್ ಹತೋಟಿಗೆ ಬಂತು, ಆದರೆ ಮೂರು ವರ್ಷಕ್ಕೆ ಸ್ತನದ ರೂಪ ಕೆಟ್ಟವರು ಶೇ. 29. ಇಡೀ ಸ್ತನದವರಲ್ಲಿ ಶೇ. 17. ಹಾಗಾಗಿ ದಿನಕ್ಕೆರಡು ಸಿಟ್ಟಿಂಗ್ ಅಂದರೆ ಎರಡು ಸಲ ಯೋಚಿಸಿ.

ಇದು ಬೇಕು ಅನ್ನಿಸಿದರೆ ಆಪರೇಷನ್‌ಗೆ ಮುಂಚೆಯೇ ಹೇಳಬೇಕು. ಗಡ್ಡೆ ಇದ್ದ ಜಾಗದಲ್ಲಿ ಸರ್ಜನ್ ಪುಟ್ಟ ಲೋಹದ ಕ್ಲಿಪ್ ಇಟ್ಟಿರಬೇಕು. ಅದಿಲ್ಲದಿದ್ದರೆ ಆಮೇಲೆ ಜಾಗ ಗುರುತಿಸುವುದು ಕಷ್ಟ.

ಆಪರೇಷನ್ ಟೇಬಲ್ ಮೇಲೆಯೇ ಒಂದೇ ಸಲ

ಗಡ್ಡೆ ತೆಗೆದ ಕೂಡಲೇ, ಅರಿವಳಿಕೆಯಲ್ಲಿರುವಾಗಲೇ ಆ ಗುಳಿಯೊಳಗೆ ಒಂದೇ ಸಲ ರೇಡಿಯೇಷನ್. ಕೇಳಲು ಎಷ್ಟು ಚೆನ್ನಾಗಿದೆ! ಟಾರ್ಗಿಟ್-ಎ ಟ್ರಯಲ್‌ನಲ್ಲಿ ಹೀಗೆ ಮಾಡಿದವರಲ್ಲಿ ಐದು ವರ್ಷಕ್ಕೆ ಶೇ. 2.11 ಮರಳಿತು. ಮಾಮೂಲಿನವರಲ್ಲಿ ಶೇ. 0.95. ಟ್ರಯಲ್ ಮಾಡಿದವರು ಇದನ್ನು ಒಪ್ಪಬಹುದಾದ ವ್ಯತ್ಯಾಸ ಅನ್ನುತ್ತಾರೆ. ಮಿಲಾನ್‌ನ ಎಲಿಯಟ್ ಟ್ರಯಲ್ ಮಾತ್ರ ಹೆದರಿಸುತ್ತದೆ: ಹದಿನೈದು ವರ್ಷಕ್ಕೆ ಶೇ. 12.6, ಇಡೀ ಸ್ತನಕ್ಕೆ ಕೊಟ್ಟವರಲ್ಲಿ ಶೇ. 2.4. ಇನ್ನೊಂದು ತೊಡಕು ಏನೆಂದರೆ, ಪೂರ್ತಿ ಬಯಾಪ್ಸಿ ರಿಪೋರ್ಟ್ ಬರುವುದು ಆಪರೇಷನ್ ಆದ ಮೇಲೆ. ಅದರಲ್ಲಿ ಅನುಮಾನ ಬಂದರೆ ಮತ್ತೆ ಮಾಮೂಲಿ ರೇಡಿಯೇಷನ್‌ಗೂ ಹೋಗಬೇಕು. ಟಾರ್ಗಿಟ್-ಎಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಯಿತು. ಐದು ದಿನದ್ದು ಇರುವಾಗ ಇದಕ್ಕೆ ಹೋಗಲು ನನಗೆ ಬಲವಾದ ಕಾರಣ ಕಾಣುವುದಿಲ್ಲ.

ರೇಡಿಯೇಷನ್ ಬೇಡವೇ ಬೇಡ?

ಅಜ್ಜಿಗೆ ಎಪ್ಪತ್ತು ದಾಟಿದೆ, ಸಣ್ಣ ಗಡ್ಡೆ, ಹಾರ್ಮೋನ್ ಪಾಸಿಟಿವ್, ಕಂಕುಳು ಸ್ವಚ್ಛ. ಇಂಥ ಮನೆಯವರು ಪ್ರೈಮ್-2 ಟ್ರಯಲ್ ಬಗ್ಗೆ ತಿಳಿದಿರಬೇಕು. 65 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ 1,326 ಹೆಂಗಸರು. ಎಲ್ಲರೂ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದರು. ಅರ್ಧ ಮಂದಿಗೆ ರೇಡಿಯೇಷನ್, ಅರ್ಧ ಮಂದಿಗೆ ಇಲ್ಲ. ಹತ್ತು ವರ್ಷಕ್ಕೆ ಅಲ್ಲೇ ಮರಳಿದ್ದು ರೇಡಿಯೇಷನ್ ಇಲ್ಲದವರಲ್ಲಿ ಶೇ. 9.5, ಇದ್ದವರಲ್ಲಿ ಶೇ. 0.9. ಆದರೆ ಬದುಕಿದ್ದವರು ಶೇ. 80.8 ಮತ್ತು 80.7. ಆಯಸ್ಸಿನಲ್ಲಿ ವ್ಯತ್ಯಾಸವೇ ಇಲ್ಲ.

ಇಲ್ಲಿ ಅಜ್ಜಿಯ ಮನಸ್ಸು ಮುಖ್ಯ. "ಮತ್ತೆ ಬರುತ್ತೇನೋ" ಅನ್ನುವ ಯೋಚನೆಯಲ್ಲೇ ನಿದ್ದೆ ಕೆಡುವವರಾದರೆ ಐದು ದಿನ ಕೊಡಿಸಿಬಿಡುವುದು ಒಳ್ಳೆಯದು. ಹೃದಯದ ತೊಂದರೆ, ಮಂಡಿ ನೋವು, ಓಡಾಟವೇ ಆಗದವರಾದರೆ ಬಿಡಬಹುದು. ಬಿಟ್ಟರೆ ಹಾರ್ಮೋನ್ ಮಾತ್ರೆ ಐದು ವರ್ಷ ತಪ್ಪಿಸುವಂತಿಲ್ಲ. ಮೈಕೈ ನೋವು ಅಂತ ಮಾತ್ರೆ ಮಧ್ಯದಲ್ಲಿ ನಿಲ್ಲಿಸುವವರು ಬಹಳ. ಮಾತ್ರೆ ನುಂಗುವುದರ ಮೇಲೆ ನಂಬಿಕೆ ಇಲ್ಲದಿದ್ದರೆ ರೇಡಿಯೇಷನ್ ಬಿಡುವ ಮಾತೇ ಬೇಡ.

ವಯಸ್ಸು ಚಿಕ್ಕದಾದರೆ, ಎಡಗಡೆಯಾದರೆ

ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುವುದು ಹೆಚ್ಚು. ಚಿಕ್ಕವರಲ್ಲಿ ಮರಳುವ ಅಪಾಯ ಜಾಸ್ತಿ. ಅದಕ್ಕೆ ಗಡ್ಡೆ ಇದ್ದ ಜಾಗಕ್ಕೆ ಮೇಲಿಂದ ಬೂಸ್ಟ್, ಅಂದರೆ ಇನ್ನಷ್ಟು ರೇಡಿಯೇಷನ್ ಕೊಡುತ್ತಾರೆ. ಯುರೋಪಿನ 5,318 ರೋಗಿಗಳ ಟ್ರಯಲ್‌ನಲ್ಲಿ, 40 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಇಪ್ಪತ್ತು ವರ್ಷಕ್ಕೆ ಮರಳಿದ್ದು ಬೂಸ್ಟ್ ಇಲ್ಲದೆ ಶೇ. 36, ಬೂಸ್ಟ್ ಜೊತೆ ಶೇ. 24.4. ಸ್ತನ ತೀರಾ ಗಟ್ಟಿಯಾಗುವುದು ಮಾತ್ರ ಶೇ. 1.8ರಿಂದ 5.2ಕ್ಕೆ ಏರಿತು. ನಲವತ್ತರೊಳಗಿನವರಿಗೆ ಈ ಬೆಲೆ ಕೊಡುವುದು ಸರಿ ಅಂತ ನನಗನ್ನಿಸುತ್ತದೆ. ಡಾಕ್ಟರು "ಮೂರು ವಾರ" ಅಂದಾಗ ಅದರಲ್ಲಿ ಬೂಸ್ಟ್ ಸೇರಿದೆಯೋ, ಅದಕ್ಕೆ ಬೇರೆ ದಿನಗಳೋ ಅಂತ ಕೇಳಿ. ಇದನ್ನು ಕೇಳದೇ ರಜೆ ಹಾಕಿ, ಬಾಡಿಗೆ ರೂಮು ಹಿಡಿದು, ಆಮೇಲೆ ದಿನ ಹೆಚ್ಚಾಗಿ ಪೇಚಾಡುವವರಿದ್ದಾರೆ.

ಎಡಗಡೆಯಾದರೆ ಉಸಿರು ಹಿಡಿದು ಕೊಡುವ ಪದ್ಧತಿ ಇದೆಯಾ ಅಂತ ವಿಚಾರಿಸಿ. ಎರಡೂ ಕೈ ತಲೆಯ ಮೇಲಿಟ್ಟು ಮಲಗಿಸುತ್ತಾರೆ. ಸ್ಪೀಕರ್‌ನಲ್ಲಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತಾರೆ. ಎದೆ ಉಬ್ಬಿ ಹೃದಯ ಆ ಕಿರಣದಿಂದ ದೂರ ಸರಿಯುತ್ತದೆ. ಅಷ್ಟು ಹೊತ್ತು ಮಾತ್ರ ಮೆಷಿನ್ ಓಡುತ್ತದೆ. ಸ್ವೀಡನ್, ಡೆನ್ಮಾರ್ಕ್ ಹೆಂಗಸರ ಮೇಲಿನ ಅಧ್ಯಯನ 2013ರಲ್ಲಿ ಹೇಳಿದ್ದು: ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದು ಗ್ರೇ ಹೆಚ್ಚಿದರೆ ಹೃದಯಾಘಾತದಂಥ ದೊಡ್ಡ ತೊಂದರೆಯ ಅಪಾಯ ಶೇ. 7.4ರಷ್ಟು ಏರುತ್ತದೆ. ಬಿಪಿ, ಶುಗರ್ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ಇಪ್ಪತ್ತು ಸೆಕೆಂಡ್ ಉಸಿರು ಹಿಡಿದು ಅಭ್ಯಾಸ ಮಾಡಿಕೊಂಡು ಹೋಗಿ.

ದುಡ್ಡು, ದೂರ

ರಾಯಚೂರಿನಿಂದಲೋ ಹಾಸನದಿಂದಲೋ ಬೆಂಗಳೂರಿನ ಕಿದ್ವಾಯಿಗೆ ಬರುವವರಿಗೆ ಸಿಟ್ಟಿಂಗ್ ಹತ್ತು ನಿಮಿಷದ ಕೆಲಸ. ಖರ್ಚಾಗುವುದು ಉಳಿದ ದಿನವಿಡೀ. ಜೊತೆಗೆ ಬಂದವರ ಕೂಲಿ, ಊಟ, ವಸತಿ, ಊರಲ್ಲಿ ಬಿಟ್ಟು ಬಂದ ಮಕ್ಕಳು. ಮೂರು ವಾರಕ್ಕೂ ಒಂದು ವಾರಕ್ಕೂ ಇರುವ ನಿಜವಾದ ವ್ಯತ್ಯಾಸ ಅಲ್ಲಿದೆ. ಖರ್ಚಿಗೆ ಹೆದರಿ ಮಧ್ಯದಲ್ಲೇ ಬಿಟ್ಟು ಹೋಗುವುದಕ್ಕಿಂತ, ನಿಮಗೆ ಹೊಂದುವುದಾದರೆ ಐದು ದಿನದ್ದನ್ನು ಪೂರ್ತಿ ಮುಗಿಸುವುದು ಎಷ್ಟೋ ಮೇಲು.

ಖಾಸಗಿ ಆಸ್ಪತ್ರೆಯಲ್ಲಿ ಸಿಟ್ಟಿಂಗ್ ಕಡಿಮೆಯಾದರೆ ಬಿಲ್ಲೂ ಕಡಿಮೆಯಾಗುತ್ತದೆ ಅಂತ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಪ್ಯಾಕೇಜ್ ಲೆಕ್ಕ ಇರುತ್ತದೆ. ಬರಹದಲ್ಲಿ ಕೇಳಿ. ದೊಡ್ಡ ದೊಡ್ಡ ತಂತ್ರಗಳ ಹೆಸರು ಹೇಳಿ ಹೆಚ್ಚು ಕೇಳಿದರೆ, ನನಗೆ ಅದು ಯಾಕೆ ಬೇಕು ಅಂತ ವಿಚಾರಿಸಿ. ಫಾಸ್ಟ್-ಫಾರ್ವರ್ಡ್‌ನ ಒಳ್ಳೆಯ ಫಲಿತಾಂಶ ಬಂದಿದ್ದು ಬಹುಪಾಲು ಸರಳವಾದ, ಎರಡು ಕಡೆಯಿಂದ ಕೊಡುವ ಕಿರಣದಲ್ಲೇ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಹತ್ತಿರ ಮೊದಲೇ ಮಾತಾಡಿ. ರೈಲಿನಲ್ಲಿ ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಹಂತದ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ. 75. ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ನಿಗದಿತ ನಮೂನೆಯಲ್ಲೇ ಬೇಕು.

ಟ್ರಯಲ್‌ಗೆ ಸೇರಿ ಅಂತ ಕೇಳಿದರೆ

"ನಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಅಂತ ಹೆದರಿ ಓಡಿಹೋಗಬೇಡಿ. ಮೇಲೆ ಹೇಳಿದ ಪ್ರತಿಯೊಂದು ಅಂಕಿಯ ಹಿಂದೆ ಹೀಗೆ ಒಪ್ಪಿಕೊಂಡ ಹೆಂಗಸರಿದ್ದಾರೆ. ಅವರು ಒಪ್ಪಿದ್ದಕ್ಕೇ ಇವತ್ತು ನಿಮಗೆ ಐದು ದಿನದ ಆಯ್ಕೆ ಇದೆ. ಹಾಗಂತ ಕಣ್ಣು ಮುಚ್ಚಿ ಸಹಿ ಹಾಕುವುದೂ ಬೇಡ. ಟ್ರಯಲ್‌ನ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದ ಟ್ರಯಲ್‌ಗಳ ಪಟ್ಟಿ ಅಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ, ಮನೆಗೆ ತಂದು ಓದಿ. ಎರಡು ಗುಂಪಿನಲ್ಲಿ ಯಾವುದಕ್ಕೆ ಬಿದ್ದರೂ ನಿಮಗೆ ಸರಿಯಾದ ಚಿಕಿತ್ಸೆಯೇ ಸಿಗುತ್ತದಾ, ಹೆಚ್ಚಿನ ಓಡಾಟ ಮತ್ತು ಪರೀಕ್ಷೆಗಳ ಖರ್ಚು ಯಾರದು, ಎಷ್ಟು ವರ್ಷ ಫಾಲೋಅಪ್‌ಗೆ ಬರಬೇಕು ಅಂತ ಕೇಳಿ. ಸೇರಿದ ಮೇಲೂ ಮನಸ್ಸು ಬದಲಾದರೆ ಹೊರಗೆ ಬರುವ ಹಕ್ಕು ನಿಮಗಿದೆ. ಹೊರಬಂದ ಕಾರಣಕ್ಕೆ ಮಾಮೂಲಿ ಚಿಕಿತ್ಸೆ ಕೊಡುವುದಿಲ್ಲ ಅನ್ನುವಂತಿಲ್ಲ.